ಯಾವ ಮಷೀನ್ ಅಂತ ಕೇಳೋ ಮೊದ್ಲು, ತೊಳೆಯೋರು ಯಾರು ಅಂತ ಹೇಳಿ

ಮನೆಗೆ ಎಸ್ಪ್ರೆಸೊ ಮಷೀನ್ ತಗೋಬೇಕು ಅಂತ ಸಲಹೆ ಕೇಳೋಕೆ ಬರೋರು ಹೆಚ್ಚುಕಮ್ಮಿ ಎಲ್ರೂ ಎರಡು ಕಂಪನಿ ಹೆಸರು ಇಟ್ಕೊಂಡೇ ಬರ್ತಾರೆ. ಮಿಕ್ಕಿದ್ದನ್ನ ಅವ್ರೇ ತೂಗಿ ನೋಡಿ ಬಿಟ್ಟಿರ್ತಾರೆ. ಒಂದು ಜುರಾ, ಇನ್ನೊಂದು ಡೆಲಾಂಗಿ, ಕೆಲವು ಸಲ ಅದರ ಜಾಗದಲ್ಲಿ ಮೀಲೆನೋ ಸೀಮೆನ್ಸೋ. ಎಲ್ಲಾನೂ ಕಾಫಿ ಬೀನ್ಸ್ ಸುರಿದು ಬಟನ್ ಒತ್ತಿದ್ರೆ ತಾನೇ ಪುಡಿ ಮಾಡಿ ಕಾಫಿ ಇಳಿಸೋ ಮೇಲ್ದರ್ಜೆ ಮಷೀನ್‌ಗಳು. ಫೋನಲ್ಲಿ ಒಂದು ಪಟ್ಟಿ ಮಾಡ್ಕೊಂಡಿರ್ತಾರೆ, ಇದ್ರಲ್ಲಿ ಎಷ್ಟು ಥರದ ಡ್ರಿಂಕ್ಸ್, ಅದ್ರಲ್ಲಿ ಎಷ್ಟು, ಸ್ಕ್ರೀನ್ ಎಷ್ಟು ದೊಡ್ಡದು, ಪಂಪಿನ ಒತ್ತಡ 15 ಬಾರಾ 19 ಬಾರಾ, ಆಪ್ ಇದೆಯಾ ಇಲ್ವಾ. ಪಟ್ಟಿ ಪೂರ್ತಿ ಓದಿ ಮುಗಿಸಿದ್ಮೇಲೆ ಕೊನೆಗೆ ಕೇಳೋದು ಒಂದೇ ಪ್ರಶ್ನೆ, "ಸರ್, ಎರಡರಲ್ಲಿ ಯಾವ್ದ್ರಲ್ಲಿ ಕಾಫಿ ಚೆನ್ನಾಗ್ ಬರುತ್ತೆ?"

ನಾನು ತಿರುಗಿ ಕೇಳೋದೂ ಒಂದೇ. ನಿಮ್ಮನೇಲಿ ಇದನ್ನ ತೊಳೆಯೋರು ಯಾರು?

ಗಂಡ ಹೆಂಡತಿ ಇಬ್ರೂ ಬಂದಿದ್ರೆ ಈ ಪ್ರಶ್ನೆಗೆ ಒಬ್ರ ಮುಖ ಒಬ್ರು ನೋಡ್ಕೋತಾರೆ. ಆಮೇಲೆ "ಆಟೋಮ್ಯಾಟಿಕ್ ಅಲ್ವಾ ಸರ್, ಅದೇ ತೊಳ್ಕೊಳಲ್ವಾ" ಅಂತಾರೆ. ಇಷ್ಟು ವರ್ಷ ಈ ಮಷೀನ್‌ಗಳನ್ನ ಬಿಚ್ಚಿ ಜೋಡಿಸಿ ನನಗೆ ಅತಿ ಹೆಚ್ಚು ಬೇಜಾರು ತರಿಸಿರೋ ಮಾತು ಇದು. ಕೆಟ್ಟೋಯ್ತು ಅಂತ ನನ್ನ ಟೇಬಲ್‌ಗೆ ಬರೋ ಮಷೀನ್‌ಗಳಲ್ಲಿ ಬಹಳಷ್ಟು ಕೆಟ್ಟಿರೋದೇ ಇಲ್ಲ, ಕೊಳೆ ಕಟ್ಟಿರ್ತವೆ.

ಬಾರ್ ವಿಷ್ಯ ಮೊದ್ಲು ಮುಗಿಸಿಬಿಡ್ತೀನಿ. ಡಬ್ಬದ ಮೇಲೆ ಬರೆದಿರೋ 15, 19 ಎಲ್ಲ ಪಂಪ್ ಗರಿಷ್ಠ ಎಷ್ಟು ತಳ್ಳಬಲ್ಲದು ಅನ್ನೋ ಲೆಕ್ಕ. ಎಸ್ಪ್ರೆಸೊ ಇಳಿಯೋಕೆ ಬೇಕಾಗಿರೋದು ಸುಮಾರು 9 ಬಾರ್. ಹಾಗಾಗಿ ಆ ಸಾಲನ್ನ ಪಟ್ಟಿಯಿಂದ ಹೊಡೆದುಹಾಕಿ. ಡ್ರಿಂಕ್ಸ್ ಸಂಖ್ಯೆನೂ ಅಷ್ಟೇ. ಎರಡು ವಾರ ಎಲ್ಲಾನೂ ಒತ್ತಿ ನೋಡ್ತೀರಾ, ಆಮೇಲೆ ಮನೇಲಿ ಎಲ್ರೂ ಸೇರಿ ಮೂರು ಬಟನ್ ಬಿಟ್ಟು ಬೇರೆ ಒತ್ತಲ್ಲ.

ರುಚಿ ವಿಷ್ಯಕ್ಕೆ ಬಂದ್ರೆ, ಈ ದರ್ಜೆಯ ಎರಡು ಮಷೀನ್‌ಗೆ ಒಂದೇ ಬೀನ್ಸ್ ಹಾಕಿ, ಗ್ರೈಂಡ್ (ಪುಡಿ ಎಷ್ಟು ನುಣ್ಣಗೆ ಅನ್ನೋದು), ಕಾಫಿ ಪ್ರಮಾಣ, ನೀರು ಸರಿಯಾಗಿ ಸೆಟ್ ಮಾಡಿ ಪಕ್ಕಪಕ್ಕ ಎರಡು ಕಪ್ ಇಟ್ರೆ ವ್ಯತ್ಯಾಸ ಇರುತ್ತೆ, ಇಲ್ಲ ಅನ್ನಲ್ಲ, ಆದ್ರೆ ಹೊಸದಾಗಿ ಹುರಿದ ಬೀನ್ಸ್‌ಗೂ ನಾಲ್ಕು ತಿಂಗಳಿಂದ ಮಷೀನ್ ಮೇಲಿನ ಬೀನ್ಸ್ ಡಬ್ಬಿ, ಅಂದ್ರೆ ಹಾಪರ್‌ನಲ್ಲಿ ಕೂತಿರೋ ಬೀನ್ಸ್‌ಗೂ ಇರೋ ವ್ಯತ್ಯಾಸದ ಮುಂದೆ ಅದು ಸಣ್ಣದು. ಇನ್ನೊಂದು ಮಾತು ಹೇಳ್ಬೇಕು, ಪುಡಿ ತುಂಬೋ ಹಿಡಿಕೆಯ ಜರಡಿ, ಅದೇ ಪೋರ್ಟಾಫಿಲ್ಟರ್, ಕೈಯಲ್ಲಿ ಹಿಡಿದು ಮಾಡೋ ಮಷೀನಲ್ಲಿ ಬರೋ ಆ ದಪ್ಪ ಎಸ್ಪ್ರೆಸೊ ಇವುಗಳಲ್ಲಿ ಸಾಮಾನ್ಯವಾಗಿ ಬರಲ್ಲ, ಸ್ವಲ್ಪ ತೆಳುವೇ. ಅದೇ ಬೇಕು ಅನ್ನೋರಿಗೆ ಎರಡೂ ಬೇಡ ಅಂತ ನಾನು ನೇರವಾಗಿ ಹೇಳಿಬಿಡ್ತೀನಿ.

ಹಾಗಾದ್ರೆ ನಿಜವಾದ ವ್ಯತ್ಯಾಸ ಎಲ್ಲಿ? ಬ್ರೂ ಯೂನಿಟ್‌ನಲ್ಲಿ. ಪಟ್ಟಿ ಮಾಡ್ಕೊಂಡು ಬಂದೋರಲ್ಲಿ ಇದರ ಬಗ್ಗೆ ಒಂದು ಸಾಲು ಬರೆದಿರೋರು ಅಪರೂಪ, ಅದಕ್ಕೇ ಇದೊಂದನ್ನ ಉದ್ದಕ್ಕೆ ಹೇಳ್ತೀನಿ, ಬೇಸರ ಮಾಡ್ಕೋಬೇಡಿ.

ಬಟನ್ ಒತ್ತಿದಾಗ ಗ್ರೈಂಡರ್ ಪುಡಿ ಮಾಡಿ ಕೆಳಗಿನ ಒಂದು ಸಣ್ಣ ಸಿಲಿಂಡರ್‌ಗೆ ಬೀಳಿಸುತ್ತೆ. ಒಂದು ಪಿಸ್ಟನ್ ಬಂದು ಪುಡಿಯನ್ನ ಒತ್ತಿ ಬಿಲ್ಲೆ ಮಾಡುತ್ತೆ, ಸುಮಾರು 90 ಡಿಗ್ರಿಯ ಬಿಸಿನೀರು ಒತ್ತಡದಲ್ಲಿ ಅದರೊಳಗಿಂದ ಹಾದುಬರುತ್ತೆ, ಕಾಫಿ ಕಪ್‌ಗೆ, ಬಿಲ್ಲೆ ಚರಟದ ಡಬ್ಬಿಗೆ. ಈ ಇಡೀ ಕೆಲ್ಸ ನಡೆಯೋ ಭಾಗವೇ ಬ್ರೂ ಯೂನಿಟ್. ಪ್ರತಿ ಸಲವೂ ಒಂದಿಷ್ಟು ಪುಡಿ ಅಕ್ಕಪಕ್ಕ ಚೆಲ್ಲುತ್ತೆ, ಕಾಫಿಯ ಎಣ್ಣೆ ಜರಡಿಗೆ ಅಂಟುತ್ತೆ, ಒಳಗೆ ಯಾವಾಗ್ಲೂ ಬಿಸಿ, ಯಾವಾಗ್ಲೂ ಹಸಿ, ಗಾಳಿ ಆಡಲ್ಲ. ಬೂಷ್ಟು ಬರೋಕೆ ಇನ್ನೇನು ಬೇಕು ಹೇಳಿ.

ಇದನ್ನ ನಿಭಾಯಿಸೋಕೆ ಕಂಪನಿಗಳು ಎರಡು ದಾರಿ ಹಿಡಿದಿವೆ. ಡೆಲಾಂಗಿ, ಫಿಲಿಪ್ಸ್, ಸೀಮೆನ್ಸ್, ಮೀಲೆ ಇವ್ರದ್ರಲ್ಲಿ ಬ್ರೂ ಯೂನಿಟ್ ಹೊರಗೆ ತೆಗೆದು ನಲ್ಲಿ ಕೆಳಗೆ ಹಿಡಿದು ತೊಳೀಬಹುದು. ಜುರಾದಲ್ಲಿ ತೆಗೆಯೋಕಾಗಲ್ಲ, ಅದು ಒಳಗೇ ಇರುತ್ತೆ. ಮಷೀನೇ ನೀರು ಹಾಯಿಸಿ ತೊಳ್ಕೊಳುತ್ತೆ, ಸುಮಾರು 200 ಕಪ್ ಆಗ್ತಿದ್ದಂಗೆ ಕ್ಲೀನಿಂಗ್ ಟ್ಯಾಬ್ಲೆಟ್ ಕೇಳುತ್ತೆ, ನೀವು ಹಾಕ್ಬೇಕು, ಅದು ಹದಿನೈದಿಪ್ಪತ್ತು ನಿಮಿಷ ತನ್ನ ಕೆಲ್ಸ ಮಾಡ್ಕೊಳುತ್ತೆ. ಆ ಯೂನಿಟ್ ನೋಡ್ಲೇಬೇಕು ಅಂದ್ರೆ ಮೈ ಬಿಚ್ಚಬೇಕು, ಅದಕ್ಕೆ ಹಾಕಿರೋ ಸ್ಕ್ರೂಗಳ ತಲೆ ಅಂಡಾಕಾರದ್ದು, ಮಾಮೂಲಿ ಸ್ಕ್ರೂಡ್ರೈವರ್ ಕೂರಲ್ಲ. ಮನೆಯವ್ರು ಕೈ ಹಾಕೋ ಜಾಗ ಅಲ್ಲ ಅದು.

ಇಷ್ಟು ಹೇಳ್ತಿದ್ದಂಗೆ ಎದುರಿಗಿರೋರು "ಹಾಗಿದ್ರೆ ತೆಗೆಯೋಕೆ ಬರೋದೇ ಒಳ್ಳೇದು, ಹೈಜೀನಿಕ್" ಅಂತ ತೀರ್ಮಾನ ಮಾಡಿಬಿಡ್ತಾರೆ. ನಾನು ತಡೆಯೋದೇ ಅಲ್ಲಿ. ತೆಗೆಯೋಕೆ ಬರುತ್ತೆ ಅನ್ನೋದು ಬೇರೆ, ತೆಗೀತೀರಾ ಅನ್ನೋದು ಬೇರೆ. ತೆಗೆಯೋಕೆ ಬರೋ ಯೂನಿಟ್ ಇಟ್ಟಿರೋ ಕಂಪನಿ, ನೀವು ತೆಗೆದು ತೊಳೀತೀರಾ ಅನ್ನೋ ನಂಬಿಕೆ ಮೇಲೇ ಆ ಮಷೀನ್ ಮಾಡಿರುತ್ತೆ. ಫಿಲಿಪ್ಸ್ ಮ್ಯಾನುಯಲ್ ವಾರಕ್ಕೊಮ್ಮೆ ಅನ್ನುತ್ತೆ, ಡೆಲಾಂಗಿ ತಿಂಗಳಿಗೊಮ್ಮೆಯಾದ್ರೂ ಅನ್ನುತ್ತೆ. ತೊಳೀಲಿಲ್ಲ ಅಂದ್ರೆ ನೀವೂ ತೊಳೆದಿಲ್ಲ, ಮಷೀನೂ ಪೂರ್ತಿ ತೊಳ್ಕೊಂಡಿಲ್ಲ, ಎರಡೂ ಕಡೆಯಿಂದ ನಷ್ಟ.

ಒಂದು ಮನೆಯವ್ರು ಹೈಜೀನ್ ಅಂತಾನೇ ಹುಡುಕಿ ತೆಗೆಯೋಕೆ ಬರೋ ಯೂನಿಟ್ ಇರೋ ಮಷೀನ್ ತಗೊಂಡಿದ್ರು. ಕಾಫಿ ಕಹಿ ಹೊಡೀತಿದೆ, ನೀರು ನೀರಾಗಿ ಬರ್ತಿದೆ ಅಂತ ಕರೆದ್ರು. ಪಕ್ಕದ ಬಾಗಿಲು ತೆಗೆದೆ, ಯೂನಿಟ್ ಅಲ್ಲಾಡ್ಲಿಲ್ಲ. ಸುತ್ತ ಚೆಲ್ಲಿದ್ದ ಪುಡಿ ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗಿ ಗಾರೆ ಥರ ಗಟ್ಟಿಯಾಗಿತ್ತು. ನಿಧಾನಕ್ಕೆ ಬಿಡಿಸಿ ಎಳೆದ್ರೆ ಕೆಳಗಡೆ ಬಿಳಿ ಹಸಿರು ಬೂಷ್ಟು, ಕಮಟು ವಾಸನೆ, ಮೇಲಿನ ಸಣ್ಣ ಜರಡಿಯ ತೂತುಗಳು ಅರ್ಧಕ್ಕರ್ಧ ಮುಚ್ಚಿಹೋಗಿದ್ವು. ಮನೆಯ ಯಜಮಾನ್ರು ನಿಂತು ನೋಡ್ತಾ "ಇದು ಹೊರಗೆ ಬರುತ್ತಾ ಸರ್?" ಅಂದ್ರು. ಅದೊಂದು ಗುಣ ನೋಡಿಯೇ ತಗೊಂಡಿದ್ದ ಮಷೀನ್ ಅದು. ಪಾಪ, ಅವ್ರ ತಪ್ಪು ಅಂತ ಪೂರ್ತಿ ಹೇಳೋಕಾಗಲ್ಲ, ಮಾರಿದೋರು ಒಂದ್ಸಲ ತೆಗೆದು ತೋರಿಸಿರಲಿಲ್ಲ.

ಅದೇ ಇನ್ನೊಂದು ಮನೇಲಿ ರಿಟೈರ್ ಆಗಿರೋ ಮೇಡಂ ಒಬ್ರಿದ್ದಾರೆ, ವಾರಕ್ಕೊಂದ್ಸಲ ಯೂನಿಟ್ ತೆಗೆದು ನೀರಲ್ಲಿ ನೆನೆಸಿ, ತೊಳೆದು, ಬಟ್ಟೆ ಮೇಲೆ ಆರಲು ಬಿಟ್ಟು, ಒಳಗಿನ ಗೂಡನ್ನ ಸಣ್ಣ ಬ್ರಷ್‌ನಲ್ಲಿ ಗುಡಿಸಿ ಆಮೇಲೆ ಹಾಕ್ತಾರೆ. ಅವ್ರ ಮಷೀನ್ ನನ್ನ ಹತ್ರ ಬರೋದು ರಬ್ಬರ್ ರಿಂಗ್ ಸವೆದಾಗ ಮಾತ್ರ. ಅಂಥೋರಿಗೆ ತೆಗೆಯೋಕೆ ಬರದ ಮಷೀನ್ ಕೊಟ್ರೆ ಒಳಗೇನಾಗ್ತಿದೆಯೋ ಅಂತ ನೆಮ್ಮದಿ ಇರಲ್ಲ. ಅವ್ರಿಗೆ ಕಣ್ಣಲ್ಲಿ ನೋಡ್ಬೇಕು, ಕೈಯಲ್ಲಿ ತೊಳೀಬೇಕು. ಇಂಥೋರನ್ನ ಕಂಡ್ರೆ ನನಗೆ ಬಹಳ ಖುಷಿ.

ಇನ್ನು ಇಬ್ರೂ ಬೆಳಿಗ್ಗೆ ಓಡೋರು, ರಾತ್ರಿ ಸುಸ್ತಾಗಿ ಬರೋರು, ಆದ್ರೆ ಸ್ಕ್ರೀನ್ ಮೇಲೆ ಏನಾದ್ರೂ ಕೆಂಪಗೆ ಬಂದ್ರೆ ತಡೆಯೋಕಾಗದೆ ಹೇಳಿದ್ದು ಮಾಡಿಬಿಡೋರು, ಇಂಥ ಮನೆಗೆ ನಾನು ಹೇಳೋದು ಜುರಾ ಥರದ್ದೇ. ಅದು ಕೇಳ್ದಾಗ ಟ್ಯಾಬ್ಲೆಟ್ ಹಾಕಿ ಅಷ್ಟೇ. ಹಾಗೆ ನಿಯತ್ತಾಗಿ ಹಾಕಿರೋ ಮನೆಗಳ ಮಷೀನ್ ವರ್ಷಗಳಾದ್ಮೇಲೆ ಬಿಚ್ಚಿದಾಗ್ಲೂ ಒಳಗೆ ಅಚ್ಚುಕಟ್ಟಾಗಿರೋದನ್ನ ನೋಡಿದೀನಿ. ಪೂರ್ತಿ ಸ್ವಚ್ಛ ಅಲ್ಲ, ಅಲ್ಲಲ್ಲಿ ಪುಡಿ ಇರುತ್ತೆ, ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಸರ್ವೀಸ್ ಮಾಡಿಸಿದ್ರೆ ಒಳ್ಳೇದು. ಅದಕ್ಕೇ ಈ ಥರದ್ದು ತಗೊಳ್ಳೋರು ಸರ್ವೀಸ್ ಎಲ್ಲಿ ಸಿಗುತ್ತೆ, ಮಷೀನ್ ಎಷ್ಟು ದಿನ ಅಲ್ಲಿರುತ್ತೆ ಅಂತ ಮೊದ್ಲೇ ಕೇಳ್ಕೋಬೇಕು. ಸರ್ವೀಸ್ ಹತ್ರದಲ್ಲಿ ಇಲ್ವೇ ಇಲ್ಲ ಅಂದ್ರೆ ನನ್ನ ಸಲಹೆ ತಿರುಗುತ್ತೆ, ಆಗ ನೀವೇ ತೆಗೆದು ತೊಳೆಯೋ ಮಷೀನೇ ಸರಿ.

ತೆಗೆಯೋರಿಗೆ ಎರಡು ಎಚ್ಚರಿಕೆ. ಮಷೀನ್ ಆನ್ ಇದ್ದಾಗ ಎಳೀಬೇಡಿ, ಆಫ್ ಮಾಡಿ, ಅದು ತನ್ನ ಜಾಗಕ್ಕೆ ವಾಪಸ್ ಹೋಗಿ ನಿಂತ್ಮೇಲೆ ಅದರ ಬಟನ್ ಒತ್ತಿ ಎಳೀರಿ, ಜೋರು ಮಾಡ್ಬೇಡಿ. ಇನ್ನೊಂದು, ಸೋಪು, ಲಿಕ್ವಿಡ್, ಡಿಶ್‌ವಾಷರ್ ಯಾವ್ದೂ ಬೇಡ, ಬರೀ ನೀರು. ಸರಿದಾಡೋ ಭಾಗಕ್ಕೆ ಹಚ್ಚಿರೋ ಗ್ರೀಸ್ ಸೋಪಿಗೆ ಕಿತ್ತುಹೋಗುತ್ತೆ, ಆಮೇಲೆ ಕಿರ್ ಅಂತ ಶಬ್ದ, ಆಮೇಲೆ ಮೋಟರ್ ಮೇಲೆ ಭಾರ. ಗ್ರೀಸ್ ಹಚ್ಚಿ ಅಂತ ಮ್ಯಾನುಯಲ್‌ನಲ್ಲಿ ಇದ್ರೆ ಆಹಾರಕ್ಕೆ ಬಳಸೋ ಸಿಲಿಕೋನ್ ಗ್ರೀಸೇ ಹಚ್ಚಿ. ಮಾಡೆಲ್‌ನಿಂದ ಮಾಡೆಲ್‌ಗೆ ಇದೆಲ್ಲ ಬದಲಾಗುತ್ತೆ, ನನ್ನ ಮಾತಿಗಿಂತ ನಿಮ್ಮ ಮ್ಯಾನುಯಲ್ ದೊಡ್ಡದು.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಿಬಿಡ್ತೀನಿ. "ಸರ್, ಡಿಸ್ಕೇಲಿಂಗ್ ಮಾಡ್ತಾನೇ ಇದೀವಿ, ಆದ್ರೂ ಒಳಗೆ ಜಿಡ್ಡು" ಅಂತಾರೆ. ಡಿಸ್ಕೇಲಿಂಗ್ ಇರೋದು ಗಡಸು ನೀರಿನಿಂದ ಪೈಪು, ಹೀಟರ್ ಒಳಗೆ ಕಟ್ಟೋ ಸುಣ್ಣಕ್ಕೆ, ಅದು ಆಮ್ಲ. ಕಾಫಿ ಎಣ್ಣೆಗೆ ಅದು ಏನೂ ಮಾಡಲ್ಲ, ಅದಕ್ಕೆ ಕ್ಷಾರದ ಕ್ಲೀನಿಂಗ್ ಟ್ಯಾಬ್ಲೆಟ್ಟೇ ಬೇಕು. ಹಾಲಿನ ಪೈಪಿಗೆ ಮೂರನೇದು, ಹಾಲಿನ ಕ್ಲೀನರ್. ಒಂದು ಇನ್ನೊಂದರ ಕೆಲ್ಸ ಮಾಡಲ್ಲ. ವಿನೆಗರ್ ಹಾಕೋರೂ ಇದ್ದಾರೆ, ದಯವಿಟ್ಟು ಬೇಡ, ರಬ್ಬರ್ ಭಾಗಗಳಿಗೆ ಒಳ್ಳೇದಲ್ಲ, ವಾಸನೆನೂ ಬೇಗ ಹೋಗಲ್ಲ. ಮತ್ತೆ ಮಷೀನ್‌ಗೆ ಸುಣ್ಣ ಕಾಣಿಸಲ್ಲ ಅನ್ನೋದು ನೆನಪಿರ್ಲಿ. ಎಷ್ಟು ನೀರು ಹೋಯ್ತು, ನೀವು ನೀರಿನ ಗಡಸುತನ ಎಷ್ಟು ಅಂತ ಸೆಟ್ ಮಾಡಿದ್ರಿ, ಅಷ್ಟರ ಮೇಲೆ ಲೆಕ್ಕ ಹಾಕಿ ಕೇಳುತ್ತೆ ಅಷ್ಟೇ. ಡಬ್ಬದಲ್ಲಿ ಬರೋ ಆ ಸಣ್ಣ ಟೆಸ್ಟ್ ಸ್ಟ್ರಿಪ್ ಅದಕ್ಕೇ ಇರೋದು. ನಾನು ಹೋದ ಎಷ್ಟೋ ಮನೆಗಳಲ್ಲಿ ಅದು ಕವರ್ ಸಮೇತ ಮ್ಯಾನುಯಲ್ ಒಳಗೇ ಇತ್ತು.

ಚರಟದ ಡಬ್ಬಿ ವಿಷ್ಯಾನೂ ಇಂಥದ್ದೇ. ಬಹಳಷ್ಟು ಮಷೀನ್‌ಗಳು ಡಬ್ಬಿ ತುಂಬಿದ್ಯಾ ಅಂತ ನೋಡಲ್ಲ, ಎಷ್ಟು ಕಾಫಿ ಮಾಡಿದೆ ಅಂತ ಎಣಿಸ್ತವೆ. ಆಫ್ ಮಾಡಿ ಡಬ್ಬಿ ಖಾಲಿ ಮಾಡಿದ್ರೆ ಎಣಿಕೆ ಸೊನ್ನೆ ಆಗಲ್ಲ, ಖಾಲಿ ಡಬ್ಬಿ ಇಟ್ಕೊಂಡೇ ಖಾಲಿ ಮಾಡಿ ಅಂತಿರುತ್ತೆ. ಆನ್ ಇರುವಾಗ ತೆಗೆದು, ಕೆಲವು ಸೆಕೆಂಡ್ ಬಿಟ್ಟು ವಾಪಸ್ ಇಡಿ. ಸೆನ್ಸರ್ ಕೆಟ್ಟಿದೆ ಅಂತ ಬರೋ ಫೋನ್‌ಗಳಲ್ಲಿ ಒಂದಿಷ್ಟು ಇಷ್ಟಕ್ಕೇ ಮುಗಿಯುತ್ತೆ.

ಹಾಲು ಕುಡಿಯೋರ ಮನೆಯಾದ್ರೆ ತೊಳೆಯೋ ಪ್ರಶ್ನೆ ಇನ್ನೂ ದೊಡ್ಡದು, ಯಾಕಂದ್ರೆ ಕಾಫಿ ಪುಡಿ ವಾರ ಕಾಯುತ್ತೆ, ಹಾಲು ಒಂದು ದಿನವೂ ಕಾಯಲ್ಲ. ಡೆಲಾಂಗಿಯಲ್ಲಿ ಹಾಲಿನ ಜಗ್ ಮಷೀನ್‌ಗೆ ಸಿಕ್ಕಿಸಿ, ಆದ್ಮೇಲೆ ಹಾಗೇ ಫ್ರಿಜ್‌ಗೆ ಇಡಬಹುದು, ಆದ್ರೆ ಜಗ್ಗಿನ ಮುಚ್ಚಳದಲ್ಲಿ ಬಿಡಿಸಿ ತೊಳೆಯೋ ಭಾಗಗಳಿವೆ. ಜುರಾದಲ್ಲಿ ಒಂದು ತೆಳು ಪೈಪು ಹಾಲಿನ ಪಾತ್ರೆಗೆ ಇಳಿಬಿಡ್ತೀರಾ, ಕುಡಿದ ತಕ್ಷಣ ತೊಳೆಯೋ ಬಟನ್ ಒತ್ತಬೇಕು, ದಿನಕ್ಕೊಂದ್ಸಲ ಕ್ಲೀನರ್ ಹಾಯಿಸಬೇಕು. ನನ್ನ ಅನುಭವದಲ್ಲಿ ಕಣ್ಣಿಗೆ ಕಾಣೋದನ್ನ ಜನ ತೊಳೀತಾರೆ, ಪೈಪಿನ ಒಳಗನ್ನ ಮರೀತಾರೆ. ನೊರೆ ಸರಿಯಾಗಿ ಬರ್ತಿಲ್ಲ ಅಂದ್ರೆ ಮೊದ್ಲು ಆ ಪೈಪ್ ತೆಗೆದು ಬೆಳಕಿಗೆ ಹಿಡಿದು ನೋಡಿ.

ಹಾಗಂತ ಫೀಚರ್‌ಗಳೆಲ್ಲ ದಂಡ ಅಂತಲ್ಲ. ಮನೇಲಿ ಒಬ್ರಿಗೆ ಮಾಮೂಲಿ ಬೀನ್ಸ್, ಇನ್ನೊಬ್ರಿಗೆ ಕೆಫೀನ್ ತೆಗೆದ ಡೀಕ್ಯಾಫ್ ಬೇಕು, ಅದೂ ದಿನಾ ಅಂದ್ರೆ, ಡೆಲಾಂಗಿ ಮಾಯೆಸ್ಟೋಸಾ ಅಥವಾ ಜುರಾ ಗೀಗಾ ಥರ ಎರಡು ಗ್ರೈಂಡರ್ ಇರೋದಕ್ಕೆ ಅರ್ಥ ಇದೆ. ಅಪರೂಪಕ್ಕೊಮ್ಮೆ ಸಾಕು ಅಂದ್ರೆ ಪುಡಿ ಹಾಕೋ ಜಾಗ ಇರೋ ಮಷೀನ್ ಸಾಕು. ಜುರಾ ಝಡ್10 ಡ್ರಿಂಕ್‌ಗೆ ತಕ್ಕಂತೆ ಗ್ರೈಂಡನ್ನ ತಾನೇ ಬದಲಾಯಿಸ್ಕೊಳುತ್ತೆ, ಅದು ನಿಜಕ್ಕೂ ಉಪಯೋಗದ ವಿಷ್ಯ, ಯಾಕಂದ್ರೆ ಕೈಯಲ್ಲಿ ಗ್ರೈಂಡ್ ಬದಲಾಯಿಸೋದು ಜನಕ್ಕೆ ಭಯ. ಗ್ರೈಂಡರ್ ತಿರುಗ್ತಿರುವಾಗ ಮಾತ್ರ, ಒಂದೊಂದೇ ಮೆಟ್ಟಿಲು ಬದಲಾಯಿಸಿ, ಎರಡ್ಮೂರು ಕಪ್ ಆದ್ಮೇಲಷ್ಟೇ ರುಚಿ ನೋಡಿ ತೀರ್ಮಾನ ಮಾಡಿ. ಎಣ್ಣೆ ಹೊಳೆಯೋ ಕಪ್ಪು ಬೀನ್ಸ್, ಸಕ್ಕರೆ ಲೇಪಿಸಿದ ಬೀನ್ಸ್ ಯಾವ ಮಷೀನ್‌ಗೂ ಹಾಕ್ಬೇಡಿ.

ಮೊನ್ನೆ ಬಂದಿದ್ದ ದಂಪತಿಗೆ ಇದನ್ನೆಲ್ಲ ಹೇಳಿ, ಅಂಗಡಿಗೆ ಹೋದಾಗ ಯೂನಿಟ್ ನೀವೇ ಕೈಯಾರೆ ತೆಗೆದು ವಾಪಸ್ ಹಾಕಿ ನೋಡಿ, ಅವ್ರು ತೋರಿಸಿದ್ದು ಸಾಕಾಗಲ್ಲ ಅಂದೆ. ಹೋಗಿ ಬಂದು ಫೋನ್ ಮಾಡಿದ್ರು. ಹಾಕುವಾಗ ಎರಡು ಸಲ ಕೂರಲಿಲ್ಲವಂತೆ, ಯಜಮಾನ್ರಿಗೆ ಅಲ್ಲೇ ಸಿಟ್ಟು ಬಂತಂತೆ, ಇದನ್ನ ವಾರವಾರ ಮಾಡೋದು ನಮ್ಮಿಂದ ಆಗಲ್ಲ ಸರ್ ಅಂದ್ರು. ಹಾಗಾದ್ರೆ ಇನ್ನೊಂದೇ ತಗೊಳ್ಳಿ, ಅದರ ಜೊತೆಗೇ ಒಂದು ಡಬ್ಬಿ ಕ್ಲೀನಿಂಗ್ ಟ್ಯಾಬ್ಲೆಟ್, ಒಂದು ಬಾಟ್ಲಿ ಹಾಲಿನ ಕ್ಲೀನರ್ ತಗೊಂಡು ಮಷೀನ್ ಪಕ್ಕದಲ್ಲೇ ಇಡಿ, ಮೇಲಿನ ಕಪಾಟಿಗೆ ಸೇರಿಸ್ಬೇಡಿ ಅಂತ ಹೇಳಿದೀನಿ.