ಹುಲಿ ಕಾಣದ ಸಫಾರಿ

ಒಂದೇ ಜೀಪು, ಒಂದೇ ಕಾಡು. ಹುಲಿ ಕಾಣಲಿಲ್ಲ. ಇಳಿಯುವಾಗ ಒಬ್ಬರು 'ದುಡ್ಡು ದಂಡ' ಅಂತಾರೆ. ಪಕ್ಕದಲ್ಲೇ ಕೂತಿದ್ದವರು 'ಎಷ್ಟು ಚೆನ್ನಾಗಿತ್ತು!' ಅಂತಾರೆ. ಕಾಡು ಇಬ್ಬರಿಗೂ ತೋರಿಸಿದ್ದು ಒಂದನ್ನೇ ಅಲ್ವಾ?

ಬೇರೆಯಾಗಿದ್ದು ಅವರವರು ಮನಸ್ಸಿನಲ್ಲಿ ಹೊತ್ತು ತಂದ ಚಿತ್ರ. ಗ್ರಾಹಕರ ತೃಪ್ತಿಯನ್ನು ಅಧ್ಯಯನ ಮಾಡಿದ ಅಮೆರಿಕದ ರಿಚರ್ಡ್ ಆಲಿವರ್ 1980ರಲ್ಲೇ ಇದನ್ನು ವಿವರಿಸಿದ್ದರು. ಸಿಕ್ಕಿದ್ದೆಷ್ಟು ಅನ್ನುವುದರಷ್ಟೇ ಮುಖ್ಯ, ನಾವು ಅಂದುಕೊಂಡಿದ್ದಕ್ಕಿಂತ ಅದು ಹೆಚ್ಚೋ ಕಮ್ಮಿಯೋ ಅನ್ನುವುದು. ಪ್ರವಾಸದ ಸಂಶೋಧಕರು ಇವತ್ತಿಗೂ ಈ ಅಳತೆಗೋಲು ಬಳಸುತ್ತಾರೆ. ಮಳೆಗಾಲದ ಜಲಪಾತದ ಫೋಟೊ ತೋರಿಸಿ ಬೇಸಿಗೆಯಲ್ಲಿ ಜನರನ್ನು ಕರೆತಂದರೆ, ಬಂಡೆ ಮೇಲೆ ಜಿನುಗುವ ನೀರು ಎಷ್ಟೇ ಚೆಂದವಿದ್ದರೂ ಮೋಸ ಹೋದೆವು ಅನ್ನಿಸುತ್ತದೆ. ಇದು ಜಲಪಾತದ ತಪ್ಪಲ್ಲ.

ಶೌಚಾಲಯ, ಕುಡಿಯುವ ನೀರಿನ ಲೆಕ್ಕವೇ ಬೇರೆ. ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಇಡೀ ದಿನ ಹಾಳು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ತೂಕ ಗೈಡ್‌ನದು. ಒಳ್ಳೆಯ ಗೈಡ್ ಜೀಪು ನಿಲ್ಲಿಸಿ ಕೆಸರಿನ ಕಡೆ ಕೈ ತೋರಿಸುತ್ತಾರೆ. 'ಈ ಹೆಜ್ಜೆ ನೋಡಿ, ಉಗುರಿನ ಗುರುತಿಲ್ಲ. ಬೆಕ್ಕಿನ ಜಾತಿಯದು, ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತೆ. ಕಾಡುನಾಯಿಯದಾಗಿದ್ದರೆ ಉಗುರು ಮೂಡಿರೋದು.' ಆಮೇಲೆ ಜಿಂಕೆ ಕೂಗಿದರೂ ಜೀಪಿನವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಹುಲಿಯೊಂದೇ ಆಗಿದ್ದ ಕಾಡು ಕಣ್ಣೆದುರೇ ದೊಡ್ಡದಾಗುತ್ತದೆ. ಅದೇ ಹುಲಿಯೊಂದರ ಸುತ್ತ ಹತ್ತು ಜೀಪು ಮುತ್ತಿಕೊಂಡರೆ, ಹುಲಿ ಕಂಡೂ ಕಾಡು ಕಾಣುವುದಿಲ್ಲ.

ಇನ್ನೊಂದು, ಕೊನೆಯ ಗಳಿಗೆ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜನ ಒಮ್ಮೆ ಕೈ ನೋಯುವಷ್ಟು ತಣ್ಣಗಿನ, 14 ಡಿಗ್ರಿಯ ನೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಮ್ಮೆ ಅಷ್ಟೇ ಹೊತ್ತು ಇಟ್ಟು, ಮೇಲೆ 30 ಸೆಕೆಂಡ್ ಜಾಸ್ತಿ. ಆ 30 ಸೆಕೆಂಡಿನಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಗೆ ಏರುತ್ತಿತ್ತು. ಯಾವುದನ್ನು ಮತ್ತೆ ಮಾಡ್ತೀರಿ ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು! ನೋವು ಒಟ್ಟು ಎಷ್ಟಿತ್ತು ಅನ್ನುವುದಕ್ಕಿಂತ ಹೇಗೆ ಮುಗಿಯಿತು ಅನ್ನುವುದೇ ನೆನಪಿನಲ್ಲಿ ಉಳಿದಿತ್ತು.

ಪ್ರವಾಸದಲ್ಲೂ ಹೀಗೇ ಅಂತ ನನಗನ್ನಿಸುತ್ತದೆ. ಇಡೀ ಬೆಳಗಿನ ಸೊಗಸನ್ನು ಪಾರ್ಕಿಂಗ್ ಜಗಳವೊಂದು ನುಂಗಿಬಿಡುತ್ತದೆ. ಕೆಲವು ಗೈಡ್‌ಗಳು ವಾಪಸ್ ಬರುವಾಗ, ಗೇಟಿಗೆ ಸ್ವಲ್ಪ ಮುಂಚೆ, ಎಂಜಿನ್ ಆಫ್ ಮಾಡಿಸಿ ಐದು ನಿಮಿಷ ಎಲ್ಲರನ್ನೂ ಸುಮ್ನೆ ಕೂರಿಸುತ್ತಾರೆ. ಮೊದಲು ಜೀರುಂಡೆ ಕೇಳಿಸುತ್ತದೆ, ಆಮೇಲೆ ಎಲ್ಲೋ ದೂರದಲ್ಲಿ ಮರಕುಟಿಗ.