ದೊಡ್ಡ ಮೀನನ್ನು ತಳಿಗೆ ಇಡಬೇಡಿ, ಮಾರಿಬಿಡಿ

ಕುಂದಾಪುರ ಕಡೆಯ ಹಿನ್ನೀರಿನಲ್ಲಿ ಬಲೆಯ ಪಂಜರ ಕಟ್ಟಿ ಸೀಬಾಸ್ ಮೀನು ಸಾಕುವವರು ಪಂಜರ ಖಾಲಿ ಮಾಡುವಾಗ ತಪ್ಪದೆ ಫೋನ್ ಮಾಡುತ್ತಾರೆ. "ಸಾರ್, ಬಾಕಿ ಎಲ್ಲ ಒಂದು ಕಿಲೋ, ಇದೊಂದು ಮೂರು ಕಿಲೋ ಬಂದಿದೆ. ಮಾರಲ್ಲ, ಇದರ ಮರಿ ಮಾಡಿಸಿಕೊಡಿ." ಅವರ ಖುಷಿ ನನಗೂ ಖುಷಿಯೇ. ಆದರೂ ಮಾರಿಬಿಡಿ ಎಂದೇ ಹೇಳುತ್ತೇನೆ.

ಆ ಮೀನು ಯಾಕೆ ದೊಡ್ಡದಾಯಿತು? ಸೀಬಾಸ್ ಮರಿಗಳು ಒಂದನ್ನೊಂದು ತಿನ್ನುತ್ತವೆ. ತನ್ನ ಅರ್ಧ ಉದ್ದದ ಮರಿಯನ್ನು ಸಲೀಸಾಗಿ ನುಂಗುತ್ತವೆ. ಗಾತ್ರ ನೋಡಿ ಬೇರೆ ಮಾಡುವುದು ತಡವಾದರೆ, ಸ್ವಲ್ಪ ಮುಂದಿದ್ದ ಮರಿ ಪಕ್ಕದವನ್ನು ತಿಂದು ಇನ್ನೂ ಮುಂದೆ ಹೋಗುತ್ತದೆ. ಮೇವು ಹಾಕಿದಾಗಲೂ ಅದೇ ಮೊದಲು ಬಾಯಿ ಹಾಕುತ್ತದೆ. ಹೀಗೆ ಬಂದ ತೂಕ ಅದರ ಮರಿಗಳಿಗೆ ಇಳಿಯುವುದಿಲ್ಲ.

ಲೆಕ್ಕ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ಸಾಕಿದ ಮೀನುಗಳ ತೂಕದ ವ್ಯತ್ಯಾಸದಲ್ಲಿ ವಂಶದ ಪಾಲು ಸಾಮಾನ್ಯವಾಗಿ ಶೇ 20ರಿಂದ 40. ಶೇ 30 ಅಂದುಕೊಳ್ಳೋಣ. ಪಂಜರದ ಸರಾಸರಿ 1 ಕಿಲೋ, ತಂದೆ ತಾಯಿ ಎರಡೂ 2 ಕಿಲೋ. ಹೆಚ್ಚಿಗೆ ಬಂದ 1 ಕಿಲೋದಲ್ಲಿ ಶೇ 30 ಮಾತ್ರ ಮರಿಗಳಿಗೆ ಇಳಿಯುತ್ತದೆ. ಅದೇ ವಯಸ್ಸಿಗೆ, ಅದೇ ನೀರಿನಲ್ಲಿ ಮರಿಗಳು ಸರಾಸರಿ ಸುಮಾರು 1.3 ಕಿಲೋ ಬರಬಹುದು. 2 ಕಿಲೋ ಅಲ್ಲ. ಒಡಹುಟ್ಟಿದವನ್ನು ತಿಂದೇ ದೊಡ್ಡದಾದ ಮೀನಾದರೆ ಅಷ್ಟೂ ಸಿಗಲಿಕ್ಕಿಲ್ಲ.

ಒಬ್ಬರು ಅಂಥ ಮೀನನ್ನು ಬೇರೆ ಪಂಜರದಲ್ಲಿಟ್ಟು, ಮನೆಯವರಿಗಿಂತ ಮೊದಲು ಅದಕ್ಕೆ ಬೂತಾಯಿ ಮೀನು ಹಾಕುತ್ತಿದ್ದರು. ಮೊಟ್ಟೆ ಯಾವಾಗ ಎಂದು ಕೇಳಿದರು. ಹೋಗಿ ನೋಡಿದರೆ ಅದಿನ್ನೂ ಗಂಡು. ಸೀಬಾಸ್ ಮೊದಲು ಗಂಡಾಗಿ ಬೆಳೆದು, ಹಲವು ವರ್ಷಗಳ ಮೇಲೆ ಹೆಣ್ಣಾಗುತ್ತದೆ. ಅದಕ್ಕೆ ಜೋಡಿಯನ್ನು ಅದೇ ಪಂಜರದಿಂದ ತೆಗೆಯೋಣ ಎಂದರೆ ಅದೂ ಅಪಾಯ. ಮರಿ ಮಾಡಿಸುವ ತೊಟ್ಟಿಯಲ್ಲಿ ಎಷ್ಟೇ ಮೀನಿದ್ದರೂ ಒಂದು ಸಲದ ಮರಿಗಳಲ್ಲಿ ಹೆಚ್ಚಿನವು ಕೆಲವೇ ಮೀನುಗಳದ್ದು. ಪಂಜರದ ತುಂಬ ಅಣ್ಣತಮ್ಮಂದಿರೇ ಇರುತ್ತಾರೆ. ಒಳಗೊಳಗೇ ಸಂಬಂಧ ಮುಂದುವರಿದರೆ ಬೆಳವಣಿಗೆ ಕುಗ್ಗುತ್ತದೆ.

ನಾರ್ವೆಯವರು 1970ರ ದಶಕದಲ್ಲಿ ಸಾಲ್ಮನ್ ತಳಿ ಸುಧಾರಣೆ ಶುರು ಮಾಡಿದಾಗ ಸುಮಾರು 40 ನದಿಗಳ ಮೀನು ತಂದರು. ಒಂದೊಂದು ಕುಟುಂಬದ ಮರಿಗಳನ್ನು ಬೇರೆ ಬೇರೆ ಸಾಕಿ, ಗುರುತು ಹಾಕಿ, ಆಮೇಲೆ ಒಂದೇ ಪಂಜರಕ್ಕೆ ಬಿಟ್ಟರು. ಒಂಟಿ ಮೀನನ್ನು ನೋಡಿ ಮರುಳಾಗದೆ, ಇಡೀ ಕುಟುಂಬ ಹೇಗೆ ಬೆಳೆಯಿತು ಎಂದು ನೋಡಿದರು. ಒಂದು ತಲೆಮಾರಿಗೆ ಶೇ 10ಕ್ಕೂ ಜಾಸ್ತಿ ಬೆಳವಣಿಗೆ ಸಿಕ್ಕಿತು. ತಲೆಮಾರು ಅಂದರೆ ಅಲ್ಲಿ ಸುಮಾರು 4 ವರ್ಷ.

ಇದು ಒಬ್ಬ ರೈತನ ಪಂಜರದಲ್ಲಿ ಆಗುವ ಕೆಲಸವಲ್ಲ. ಆದರೆ ಮರಿ ಕೊಳ್ಳುವಾಗ ತಂದೆತಾಯಿ ಮೀನು ಎಷ್ಟಿವೆ, ಎಲ್ಲಿಂದ ತಂದದ್ದು, ಹೊಸದನ್ನು ಯಾವಾಗ ಸೇರಿಸಿದ್ದು ಎಂದು ಕೇಳಬಹುದು ಅಲ್ವಾ? ಪ್ರತಿ ಬ್ಯಾಚಿನ ತೂಕ ಬರೆದಿಟ್ಟು, ಮರಿ ಮಾಡಿಸಿ ಮಾರುವ ಹ್ಯಾಚರಿಯವರಿಗೂ ಕಳಿಸಿ. ಯಾವ ಮರಿ ಎಲ್ಲಿ ಹೇಗೆ ಬೆಳೆಯಿತು ಎಂಬ ಲೆಕ್ಕ ಕೈಯಲ್ಲಿಲ್ಲದೆ ಅವರೂ ಆಯ್ಕೆ ಶುರು ಮಾಡಲಾರರು.