ಮೂರನೇ ಗೇರಿನ ಲೆಕ್ಕ: ಮುಂಚಕ್ರ ಚಾಲನೆಯ ಕಾರಿಗೆ ಟರ್ಬೊ ಕೂರಿಸುವ ಮುನ್ನ

ಮುಂದಿನ ಚಕ್ರಗಳಿಂದ ಓಡುವ ದೊಡ್ಡ ಐಷಾರಾಮಿ ಕಾರಿಗೆ ಟರ್ಬೊ (ಎಂಜಿನ್ ಹೊರಬಿಡುವ ಹೊಗೆಯಿಂದ ತಿರುಗಿ, ಅದಕ್ಕೆ ಹೆಚ್ಚು ಗಾಳಿ ತುಂಬುವ ಯಂತ್ರ) ಕೂರಿಸಿದರೆ ಗೇರ್‌ಬಾಕ್ಸ್ ತಡೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯಲ್ಲಿ ಉತ್ತರ ಹೇಳಲಾಗದು. ಒಳಗಿನ ಯಾವ ಭಾಗ, ಯಾವ ಗೇರಿನಲ್ಲಿ, ಎಷ್ಟು ಹೊತ್ತು, ಎಷ್ಟು ಟಾರ್ಕ್ (ತಿರುಗಿಸುವ ಬಲ) ಹೊರುತ್ತದೆ ಎಂದು ಬಿಡಿಬಿಡಿಯಾಗಿ ಕೇಳಿಕೊಳ್ಳಬೇಕು. ಟರ್ಬೊ ಹೇಗೆ ತಿರುಗುತ್ತದೆ, ಅದರಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಏಕೆ ಬೇಕು ಎಂಬುದು ಪಾಠಪುಸ್ತಕಗಳಲ್ಲೇ ಸಿಗುವುದರಿಂದ ಅದನ್ನು ಬಿಟ್ಟು, ಓದುವಾಗ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ ಭಾಗವನ್ನೇ ಇಲ್ಲಿ ಹಿಗ್ಗಿಸಿ ಬರೆಯುತ್ತೇನೆ.

ಅಶ್ವಶಕ್ತಿಯಲ್ಲ, ಟಾರ್ಕ್

ಗೇರಿನ ಹಲ್ಲಿಗೆ ಅಶ್ವಶಕ್ತಿ ತಿಳಿಯುವುದಿಲ್ಲ; ಅದಕ್ಕೆ ತಟ್ಟುವುದು ಟಾರ್ಕ್ ಮಾತ್ರ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲೇ ಮಾರಾಟವಾದ ಸ್ಕೋಡಾ ಸೂಪರ್ಬ್ 1.8 ಟಿಎಸ್‌ಐ. 2016ರಲ್ಲಿ ಬಂದ ಈ ಕಾರಿನ ಎಂಜಿನ್ 180 ಅಶ್ವಶಕ್ತಿಯದು. ಮ್ಯಾನುವಲ್ ಗೇರ್‌ಬಾಕ್ಸ್ ಇದ್ದ ಕಾರಿನಲ್ಲಿ ಅದರ ಟಾರ್ಕ್ 320 ನ್ಯೂಟನ್ ಮೀಟರ್, ಏಳು ಗೇರಿನ, ಎರಡು ಕ್ಲಚ್ಚುಗಳ ಸ್ವಯಂಚಾಲಿತ ಗೇರ್‌ಬಾಕ್ಸಾದ ಡಿಎಸ್‌ಜಿ ಇದ್ದ ಕಾರಿನಲ್ಲಿ 250 ನ್ಯೂಟನ್ ಮೀಟರ್. ಡಿಕ್ಯೂ200 ಎಂಬ ಆ ಡಿಎಸ್‌ಜಿಯ ಒಣ ಕ್ಲಚ್ಚುಗಳ ಮಿತಿಯೇ 250. ಆದ್ದರಿಂದ ಕಾರ್ಖಾನೆಯವರು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ತಗ್ಗಿಸಿ ಟಾರ್ಕನ್ನು ಅಲ್ಲಿಗೆ ಕಟ್ಟಿಹಾಕಿದರು. ಆದರೂ ಶಕ್ತಿ ಕಡಿಮೆಯಾಗಲಿಲ್ಲ, ಏಕೆಂದರೆ 250 ನ್ಯೂಟನ್ ಮೀಟರನ್ನು ಸುಮಾರು 5,000 ಆರ್‌ಪಿಎಂ ತನಕ ಎಳೆದರೆ ಬರುವ ಶಕ್ತಿಯೂ, 320 ನ್ಯೂಟನ್ ಮೀಟರನ್ನು ಸುಮಾರು 3,900 ಆರ್‌ಪಿಎಂ ತನಕ ಎಳೆದರೆ ಬರುವ ಶಕ್ತಿಯೂ ಒಂದೇ. ಟರ್ಬೊ ಕೂರಿಸುವವರು ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಬೂಸ್ಟ್ ತುಂಬುವ ಆಸೆ ಬಿಟ್ಟರೆ ಗೇರ್‌ಬಾಕ್ಸಿನ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮುಂಚಕ್ರ ಚಾಲನೆಯ ಕಾರಿನಲ್ಲಿ ಸಾಮಾನ್ಯವಾಗಿ ಎಂಜಿನ್ ಅಡ್ಡಲಾಗಿ ಕುಳಿತಿರುತ್ತದೆ. ಅದರ ಪಕ್ಕದ ಇಕ್ಕಟ್ಟಿನಲ್ಲೇ ಗೇರುಗಳು, ಕೊನೆಯ ಹಂತದಲ್ಲಿ ವೇಗ ತಗ್ಗಿಸಿ ಟಾರ್ಕ್ ಹೆಚ್ಚಿಸುವ ಫೈನಲ್ ಡ್ರೈವ್, ಎಡಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಮೂರೂ ಒಂದೇ ಅಲ್ಯೂಮಿನಿಯಂ ಕವಚದಲ್ಲಿ ಅಡಗಬೇಕು. ಗೇರನ್ನು ಅಗಲ ಮಾಡಲು ಅಥವಾ ಕ್ಲಚ್ ಪ್ಲೇಟುಗಳನ್ನು ಹೆಚ್ಚಿಸಲು ಜಾಗವಿಲ್ಲ. ಜನರಲ್ ಮೋಟಾರ್ಸ್ ತನ್ನ 4ಟಿ65-ಇ, 4ಟಿ80-ಇ ಗೇರ್‌ಬಾಕ್ಸುಗಳ ಹೆಸರಿನಲ್ಲೇ ಮೊದಲು ಗೇರುಗಳ ಸಂಖ್ಯೆ, ನಂತರ ಅಡ್ಡ ಜೋಡಣೆ, ನಂತರ ತುಲನಾತ್ಮಕ ಬಲ ಎಂದು ಸೂಚಿಸುತ್ತಿತ್ತು. ಎಂಜಿನ್ನೇ ತಿರುಗಿಸುವ ಗಾಳಿಪಂಪು, ಅಂದರೆ ಸೂಪರ್‌ಚಾರ್ಜರ್ ಇದ್ದ ಬ್ಯೂಯಿಕ್ ಪಾರ್ಕ್ ಅವೆನ್ಯೂ ಅಲ್ಟ್ರಾ ಕಾರಿಗೆ 4ಟಿ65-ಇ ಗೇರ್‌ಬಾಕ್ಸಿನ ಬಲಪಡಿಸಿದ ಆವೃತ್ತಿಯನ್ನೇ ಅದು ಹಾಕಿತು.

ಒಂದನೇ ಗೇರಿನಲ್ಲಿ ಮುರಿಯದ್ದು ಮೂರನೆಯದರಲ್ಲಿ ಏಕೆ ಮುರಿಯುತ್ತದೆ?

ಒಂದನೇ ಗೇರಿನಲ್ಲಿ ಟಾರ್ಕ್ ಅತ್ಯಂತ ಹೆಚ್ಚು ಪಟ್ಟು ಬೆಳೆಯುವುದರಿಂದ ಅಪಾಯವೂ ಅಲ್ಲೇ ಹೆಚ್ಚು ಎಂದು ಯಾರಿಗಾದರೂ ತೋರುತ್ತದೆ. ಲೆಕ್ಕ ಹಾಕಿದರೆ ಚಿತ್ರ ಬೇರೆಯಾಗುತ್ತದೆ. ಉದಾಹರಣೆಗೆಂದು ಸಂಖ್ಯೆಗಳನ್ನು ಹೀಗೆ ಹಿಡಿಯೋಣ: ಜನರೂ ಸೇರಿ ಕಾರಿನ ತೂಕ 1,700 ಕೆ.ಜಿ., ಅದರ ಶೇಕಡಾ 60 ಮುಂದಿನ ಚಕ್ರಗಳ ಮೇಲೆ, ಅಂದರೆ ಸುಮಾರು 10,000 ನ್ಯೂಟನ್. ಚಕ್ರದ ತ್ರಿಜ್ಯ 0.32 ಮೀಟರ್, ಗುರುತ್ವಕೇಂದ್ರದ ಎತ್ತರ 0.55 ಮೀಟರ್, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.8 ಮೀಟರ್, ಒಣರಸ್ತೆಯ ಘರ್ಷಣಾಂಕ 0.9. ಗೇರಿನ ಅನುಪಾತಗಳು 3.5, 2.0, 1.35, ಫೈನಲ್ ಡ್ರೈವ್ 3.9. ಒಳಗಿನ ಘರ್ಷಣೆಯ ನಷ್ಟವನ್ನು ಬಿಟ್ಟುಬಿಡೋಣ.

ಕಾರು ಮುನ್ನುಗ್ಗಿದಾಗ ಭಾರ ಹಿಂದಕ್ಕೆ ಸರಿದು, ಎಳೆಯಬೇಕಾದ ಮುಂದಿನ ಚಕ್ರಗಳೇ ಹಗುರಾಗುತ್ತವೆ. ಆದ್ದರಿಂದ ಹಿಡಿತದ ಮಿತಿಯನ್ನು ಕಾಣಲು 10,000 ನ್ಯೂಟನ್ನನ್ನು 0.9ರಿಂದ ಗುಣಿಸಿದರಷ್ಟೇ ಸಾಲದು. ಬಂದ 9,000 ನ್ಯೂಟನ್ನನ್ನು, 0.9 ಗುಣಿಸು 0.55 ಭಾಗಿಸು 2.8 ಎಂಬುದಕ್ಕೆ ಒಂದು ಕೂಡಿಸಿ ಬರುವ 1.177ರಿಂದ ಭಾಗಿಸಬೇಕು. ಸಿಗುವುದು ಸುಮಾರು 7,650 ನ್ಯೂಟನ್. ಅದನ್ನು ತ್ರಿಜ್ಯದಿಂದ ಗುಣಿಸಿದರೆ ಎರಡೂ ಚಕ್ರಗಳು ಸೇರಿ ಜಾರದೆ ಹೊರಬಲ್ಲ ಟಾರ್ಕ್ ಸುಮಾರು 2,450 ನ್ಯೂಟನ್ ಮೀಟರ್.

ನನ್ನನ್ನು ನಿಲ್ಲಿಸಿದ ಹೆಜ್ಜೆ ಇದರ ಮುಂದಿನದು. ಈ 2,450 ಎಂಬುದನ್ನು ಹಿಂದಕ್ಕೆ ನಡೆಸಿ, ಗೇರ್‌ಬಾಕ್ಸಿನ ಒಳಬರುವ ಶಾಫ್ಟಿನಲ್ಲಿ ಅದು ಎಷ್ಟೆಂದು ಪ್ರತಿ ಗೇರಿಗೂ ಬೇರೆಬೇರೆಯಾಗಿ ಕಾಣಬೇಕು. ಒಂದನೇ ಗೇರಿನಲ್ಲಿ 13.65ರಿಂದ (ಗೇರಿನ 3.5 ಗುಣಿಸು ಫೈನಲ್ ಡ್ರೈವಿನ 3.9) ಭಾಗಿಸಿದರೆ 180 ನ್ಯೂಟನ್ ಮೀಟರ್, ಎರಡನೆಯದರಲ್ಲಿ 7.8ರಿಂದ ಭಾಗಿಸಿದರೆ 314, ಮೂರನೆಯದರಲ್ಲಿ 5.27ರಿಂದ ಭಾಗಿಸಿದರೆ 465. ಇದಕ್ಕಿಂತ ಹೆಚ್ಚು ಕೊಟ್ಟರೆ ಚಕ್ರ ಗಿರ್ರನೆ ತಿರುಗುತ್ತದೆಯೇ ಹೊರತು ಹೆಚ್ಚಿನ ಟಾರ್ಕ್ ಒಳಗೆ ನಿಲ್ಲುವುದಿಲ್ಲ. ಟೈರು ಇಲ್ಲಿ ಮನೆಯ ಫ್ಯೂಸಿನ ಕೆಲಸ ಮಾಡುತ್ತದೆ.

ಈಗ ಎಂಜಿನ್ ತರೋಣ. ಟರ್ಬೊ ಇಲ್ಲದ ಮೂರು ಲೀಟರಿನ ವಿ6 ಕೊಡುವುದು 280 ನ್ಯೂಟನ್ ಮೀಟರ್ ಎಂದುಕೊಳ್ಳಿ. ಕಾರವಾರದ ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1 ಬಾರ್. ಅದರ ಮೇಲೆ 0.5 ಬಾರ್ ಬೂಸ್ಟ್ ಕೊಟ್ಟು, ಗಾಳಿ ಬಿಸಿಯಾಗುವ ನಷ್ಟವನ್ನು ಕಳೆದರೆ 400 ಎಂದು ಹಿಡಿಯಬಹುದು. ಒಂದನೇ ಗೇರಿನಲ್ಲಿ ಹಳೆಯ 280 ಕೂಡ 180ರ ಮಿತಿಯನ್ನು ದಾಟಿಯೇ ಇತ್ತು. ಟರ್ಬೊ ಅಲ್ಲಿ ಟೈರಿನ ಹೊಗೆಯ ಹೊರತು ಬೇರೇನನ್ನೂ ಸೇರಿಸುವುದಿಲ್ಲ. ಎರಡನೆಯದರಲ್ಲಿ 280 ಇದ್ದದ್ದು 314ಕ್ಕೆ ಏರಿ ನಿಲ್ಲುತ್ತದೆ, ಹೆಚ್ಚಳ ಶೇಕಡಾ 12 ಮಾತ್ರ. ಮೂರನೆಯದರಲ್ಲಿ ಮಿತಿ 465 ಇರುವುದರಿಂದ 400 ನ್ಯೂಟನ್ ಮೀಟರೂ ಪೂರ್ತಿಯಾಗಿ ಒಳನುಗ್ಗುತ್ತದೆ, ಹೆಚ್ಚಳ ಶೇಕಡಾ 43. ಒಂದನೇ ಗೇರು ಕೆಲವೇ ಕ್ಷಣಗಳಲ್ಲಿ ಮುಗಿದರೆ, ಅಂಕೋಲಾ ಕಡೆಯ ನೇರ ಹೆದ್ದಾರಿಯಲ್ಲಿ ಲಾರಿ ದಾಟುವಾಗಲೋ ಅರಬೈಲು ಘಟ್ಟ ಏರುವಾಗಲೋ ಮೂರನೇ ಗೇರಿನ ಎಳೆತ ಬಹಳ ಹೊತ್ತು ನಿಲ್ಲುತ್ತದೆ.

ಇದರಿಂದ ಭಾಗಗಳು ಎರಡು ಗುಂಪಾಗುತ್ತವೆ. ಫೈನಲ್ ಡ್ರೈವ್ ಮತ್ತು ಚಕ್ರದತ್ತ ಹೋಗುವ ಆಕ್ಸಲುಗಳು ಯಾವ ಗೇರಿನಲ್ಲೂ 2,450ಕ್ಕಿಂತ ಹೆಚ್ಚು ಕಾಣುವುದಿಲ್ಲ. ಟರ್ಬೊಗೆ ಮೊದಲೂ ಒಂದನೇ ಗೇರಿನಲ್ಲಿ ಅಷ್ಟನ್ನು ಕಾಣುತ್ತಲೇ ಇದ್ದವು. ಒಳಬರುವ ಶಾಫ್ಟ್, ಮೇಲಿನ ಗೇರುಗಳ ಹಲ್ಲುಗಳು, ಕ್ಲಚ್ ಪ್ಯಾಕುಗಳು (ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಗೇರನ್ನು ಹಿಡಿದಿಡುವ ಪ್ಲೇಟುಗಳ ಕಟ್ಟು) ಮಾತ್ರ ಹಿಂದೆಂದೂ ಕಾಣದ ಭಾರವನ್ನು ಹೊರುತ್ತವೆ. ಅಗಲದ, ಹೆಚ್ಚು ಅಂಟುವ ಟೈರು ಹಾಕಿಸಿದರೆ ಆ 2,450ರ ಮಿತಿಯೇ ಮೇಲೇರಿ ಮೊದಲ ಗುಂಪಿಗೂ ಕುತ್ತು ಬರುತ್ತದೆ.

ಮಳೆಗಾಲದಲ್ಲಿ ಘರ್ಷಣಾಂಕವನ್ನು 0.45 ಎಂದು ಹಿಡಿದರೆ ಮೂರನೇ ಗೇರಿನ ಮಿತಿ ಸುಮಾರು 250ಕ್ಕೆ ಇಳಿಯುತ್ತದೆ. ಆಗ ಆಷಾಢದ ದೇವಿಮನೆ ಘಟ್ಟದಲ್ಲಿ ಕ್ಲಚ್ ಪ್ಯಾಕುಗಳು ಸುರಕ್ಷಿತ, ಚಾಲಕ ಅಲ್ಲ. ಡಿಫರೆನ್ಶಿಯಲ್ಲೂ ಅಲ್ಲ: ಒಂದೇ ಚಕ್ರ ಕೆಸರಿನಲ್ಲಿ ಜಾರಿದಾಗ ಒಳಗಿನ ಚಿಕ್ಕ ಗೇರುಗಳು ತಮ್ಮ ಪಿನ್ನಿನ ಮೇಲೆ ಅತಿವೇಗದಲ್ಲಿ ಸುತ್ತಿ, ಎಣ್ಣೆಯ ಪದರ ಹರಿದು, ಪಿನ್ನು ಕಚ್ಚಿಕೊಳ್ಳಬಹುದು. ಜಾರುತ್ತಿದ್ದ ಚಕ್ರ ಥಟ್ಟನೆ ಒಣ ಡಾಂಬರು ಹಿಡಿದರೆ, ತಿರುಗುತ್ತಿರುವ ಎಂಜಿನ್ನಿನ ಜಡತ್ವವೆಲ್ಲ ಏಟಾಗಿ ಆಕ್ಸಲಿನ ಜಾಯಿಂಟಿಗೆ ಬೀಳುತ್ತದೆ. ಮೇಲಿನ ಲೆಕ್ಕ ಆ ಏಟನ್ನು ಒಳಗೊಂಡಿಲ್ಲ.

ಒತ್ತಡ ಮತ್ತು ಬಿಸಿ

ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಹಲ್ಲು ಮುರಿಯುವುದಕ್ಕಿಂತ ಮೊದಲು ಕ್ಲಚ್ ಜಾರುತ್ತದೆ. ಕ್ಲಚ್ ಹಿಡಿಯಬಲ್ಲ ಟಾರ್ಕ್ ಎಂದರೆ ಘರ್ಷಿಸುವ ಮೇಲ್ಮೈಗಳ ಸಂಖ್ಯೆ, ಘರ್ಷಣಾಂಕ, ಒತ್ತುವ ಬಲ, ಸರಾಸರಿ ತ್ರಿಜ್ಯ ಇವುಗಳ ಗುಣಲಬ್ಧ. ಒತ್ತುವ ಬಲ ಬರುವುದು ಎಣ್ಣೆಯ ಲೈನ್ ಪ್ರೆಶರಿನಿಂದ, ಅದನ್ನು ನಿರ್ಧರಿಸುವುದು ಎಂಜಿನ್ ಎಷ್ಟು ಟಾರ್ಕ್ ಕೊಡುತ್ತಿದೆ ಎಂಬ ಕಂಪ್ಯೂಟರಿನ ಅಂದಾಜು. ಸಂವೇದಕಗಳ ಸಂಕೇತವನ್ನು ತಿರುಚುವ ಹೆಚ್ಚುವರಿ ಪೆಟ್ಟಿಗೆಯಿಂದ ಬೂಸ್ಟ್ ನಡೆಸಿದರೆ, ಗೇರ್‌ಬಾಕ್ಸ್ ಇನ್ನೂ 280 ಎಂದೇ ನಂಬಿ ಹಳೆಯ ಒತ್ತಡವನ್ನೇ ಕೊಡುತ್ತದೆ. ಲೈನ್ ಪ್ರೆಶರ್ ಸರಿಪಡಿಸದೆ ಬಲವಾದ ಕ್ಲಚ್ ಪ್ಲೇಟು ಹಾಕಿಸುವುದು ಹಣದ ದಂಡ.

ಎಂಜಿನ್ನಿನ ಟಾರ್ಕನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲಿ ಟಾರ್ಕ್ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, 280 ಹೋಗಿ 400 ಬಂದಾಗ ಸ್ಟಾಲ್ ವೇಗ (ಕಾರು ನಿಂತಿರುವಾಗ ಎಂಜಿನ್ ಏರಬಲ್ಲ ಗರಿಷ್ಠ ವೇಗ) ಸುಮಾರು ಶೇಕಡಾ 20 ಏರುತ್ತದೆ, ಅದರೊಂದಿಗೆ ಎಣ್ಣೆಯ ಬಿಸಿಯೂ. ಬಿಸಿ ಎಂಥ ಶತ್ರು ಎಂಬುದಕ್ಕೆ ಟರ್ಬೊ ಇಲ್ಲದ ಕಾರುಗಳಲ್ಲೇ ಸಾಕ್ಷಿಯಿದೆ: 2004ರಲ್ಲಿ ಹೋಂಡಾ ಅಮೆರಿಕದಲ್ಲಿ ವಿ6 ಎಂಜಿನ್ನಿನ ಅಕಾರ್ಡ್, ಅಕ್ಯುರಾ ಟಿಎಲ್ ಮುಂತಾದ ಕಾರುಗಳನ್ನು ವಾಪಸು ಕರೆಸಿತು, ಎರಡನೇ ಗೇರಿಗೆ ಎಣ್ಣೆ ಸಾಲದೆ ಬಿಸಿಯೇರಿ ಹಲ್ಲು ಮುರಿಯುವ ಸಾಧ್ಯತೆ ಇತ್ತು. ಆದ್ದರಿಂದ ಎಣ್ಣೆಯ ಪ್ರತ್ಯೇಕ ಕೂಲರನ್ನು ಬೂಸ್ಟಿಗಿಂತ ಮೊದಲೇ ಕೂರಿಸಬೇಕು. ಇಂಥ ಬದಲಾವಣೆಯನ್ನು ರಸ್ತೆಗಿಳಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ ಎಂಬುದನ್ನೂ ಓದಿಟ್ಟುಕೊಳ್ಳಿ.

ಕ್ಲಚ್ ಜಾರುವುದನ್ನು ಕಿವಿಯಿಂದ ತಿಳಿಯುವಷ್ಟರಲ್ಲಿ ಪ್ಲೇಟು ಸುಟ್ಟಿರುತ್ತದೆ. ಸ್ಕ್ಯಾನರ್ ಹಚ್ಚಿ ಗೇರ್‌ಬಾಕ್ಸಿನ ಒಳಬರುವ ಮತ್ತು ಹೊರಹೋಗುವ ಶಾಫ್ಟುಗಳ ವೇಗವನ್ನು ಒಟ್ಟಿಗೆ ದಾಖಲಿಸಿ. ಕನ್ವರ್ಟರ್ ಈ ಎರಡಕ್ಕೂ ಮೊದಲೇ, ಎಂಜಿನ್ನಿನ ಕಡೆಗೆ ಇರುವುದರಿಂದ ಅದರ ಜಾರುವಿಕೆ ಲೆಕ್ಕಕ್ಕೆ ಬರುವುದಿಲ್ಲ. ಮೂರನೇ ಗೇರು ಪೂರ್ತಿ ಬಿದ್ದ ಮೇಲೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ನಮ್ಮ ಉದಾಹರಣೆಯ ಕಾರಿನಲ್ಲಿ 1.35 ಬರಬೇಕು. 0.2 ಬಾರ್ ಬೂಸ್ಟಿನಲ್ಲಿ 1.35 ಇದ್ದದ್ದು 0.4ರಲ್ಲಿ 1.40 ತೋರಿಸತೊಡಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಆ ಗೇರಿಗೆ 0.2ನ್ನೇ ಮಿತಿಯಾಗಿ ಬರೆದುಕೊಂಡು, ಲೈನ್ ಪ್ರೆಶರಿನ ಕಡೆ ಹೋಗಿ.